ಸೈಕಲ್ ತುಳಿಯದ ಸೆಕ್ರೆಟರಿ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಮೊದಲು ಮಾಡಿದ ಕೆಲಸ ಅವರನ್ನು ಬೈದದ್ದು. ಫೋನ್ ಇಟ್ಟು, ಅಡುಗೆಮನೆಗೆ ಹೋಗಿ, ಮನೆಯಲ್ಲಿ ಯಾರಿಗೂ ಕೇಳದ ಹಾಗೆ ಬೈದೆ. ಮೊನ್ನೆ ಮೊನ್ನೆಯಷ್ಟೇ ಫೋನ್ ಮಾಡಿ ತಲೆ ತಿಂದಿದ್ದರು. ಸೈಕಲ್ ಕ್ಲಬ್ಬಿನ ಹಳೆಯ ಸದಸ್ಯರಿಗೆಲ್ಲ ಹೊಸ ಗುರುತಿನ ಚೀಟಿ ಮಾಡಿಸುತ್ತಿದ್ದಾರಂತೆ, ನಾನು ಕಳಿಸಿದ ಫೋಟೊದಲ್ಲಿ ಎಡಗಿವಿ ಕಾಣುವುದಿಲ್ಲವಂತೆ, ಬೇರೆ ತೆಗೆಸಬೇಕಂತೆ. ನನಗೀಗ ಮೊಮ್ಮಕ್ಕಳಿದ್ದಾರೆ. ಮೊಣಕಾಲು ಸವೆದು, ಸೈಕಲ್ ಮುಟ್ಟುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ನನ್ನ ಕಿವಿ ಕಟ್ಟಿಕೊಂಡು ಏನು ಮಾಡುತ್ತೀರಿ ಸರ್ ಎಂದು ಕೇಳಿದರೆ, ಎರಡೂ ಕಿವಿ ಕಾಣಬೇಕು ಅಂತ ನಿಯಮವಿದೆ ಎಂದರು. ತೊಂಬತ್ತು ದಾಟಿದ ಮನುಷ್ಯ, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು, ಆದರೂ ಕಿವಿ ಬಿಡಲಿಲ್ಲ. ಜಲನಗರದ ನಮ್ಮ ಮನೆಯಿಂದ ಆಟೋ ಮಾಡಿಕೊಂಡು ಸ್ಟುಡಿಯೋಕ್ಕೆ ಹೋಗಿ, ಕೂದಲು ಹಿಂದಕ್ಕೆ ಸರಿಸಿ, ಎರಡೂ ಕಿವಿ ತೋರಿಸಿ ಫೋಟೊ ತೆಗೆಸಿಕೊಂಡು ಬಂದೆ. ಅಷ್ಟರಲ್ಲಿ ಇವರು ಹೋಗಿಬಿಟ್ಟರು. ಸಿಟ್ಟು ಬರದೆ ಇನ್ನೇನು ಬರುತ್ತದೆ?

ಹೆಸರು ಬರೆಯುವುದಿಲ್ಲ. ಬರೆದರೆ, ಯಾರ ಅಪ್ಪಣೆ ತೆಗೆದುಕೊಂಡು ಬರೆದೆ ಎಂದು ಅಲ್ಲಿಂದಲೇ ಕೇಳುವ ಆಸಾಮಿ. ಬಿಜಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ಬಿಳಿ ಪಾಯಿಜಾಮ, ಅದರ ಮೇಲೆ ಎಲ್ಲ ಕಾಲಕ್ಕೂ ಒಂದೇ ಕಂದು ಕೋಟು, ತಲೆಗೆ ಕರಿ ಟೊಪ್ಪಿಗೆ, ಮೂಗಿನ ತುದಿಗೆ ಇಳಿದ ಚಸ್ಮಾ. ಸಂಜೆ ಶಾಲೆ ಬಿಟ್ಟ ಮೇಲೆ ಊರಿನ ಸೈಕಲ್ ಕ್ಲಬ್ಬಿನ ಸೆಕ್ರೆಟರಿ. ಕ್ಲಬ್ ಎಂದರೆ ಮತ್ತೇನಿಲ್ಲ, ಸ್ಟೇಶನ್ ರಸ್ತೆಯಲ್ಲಿ ಒಂದು ಬುಕ್ ಬೈಂಡಿಂಗ್ ಅಂಗಡಿಯ ಹಿಂದಿನ ಖೋಲಿ. ಒಂದು ಮೇಜು, ಎರಡು ಬೆಂಚು, ಗಾಳಿ ಹೊಡೆಯುವ ಒಂದು ಪಂಪು. ಗೋಡೆಯ ತುಂಬ ಒಂದು ದೊಡ್ಡ ತಗಡಿನ ಬೋರ್ಡು, ಅದರ ಮೇಲೆ ಕ್ಲಬ್ಬಿನ ನಿಯಮಾವಳಿ. ಎಲ್ಲ ಅವರೇ ಆಯಿಲ್ ಪೇಂಟಿನಲ್ಲಿ ಬರೆದದ್ದು. ಅಕ್ಷರಗಳು ಮಾತ್ರ ಮುತ್ತಿನಂಥವು, ಸುಳ್ಳು ಹೇಳಬಾರದು. ಮಾಸ್ತರರು ನಿಯಮ ಬದಲಿಸುವುದಿಲ್ಲ, ಯಾಕೆಂದರೆ ಬಣ್ಣ ಕೆರೆಯಬೇಕಾಗುತ್ತದೆ ಎಂದು ಹುಡುಗರು ನಗುತ್ತಿದ್ದರು.

ಈ ಸೆಕ್ರೆಟರಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮನೆಯಿಂದ ಶಾಲೆಗೆ, ಶಾಲೆಯಿಂದ ಕ್ಲಬ್ಬಿಗೆ, ಕ್ಲಬ್ಬಿನಿಂದ ಮಸೀದಿಗೆ ನಡೆದೇ ಹೋಗುವವರು. ಹುಡುಗರು ಹಿಂದಿನ ಸೀಟಿನ ಮೇಲೆ ಕೂರಿಸಿಕೊಂಡು ಬಿಡುತ್ತೇವೆಂದರೆ, ಒಂದು ಸೈಕಲ್ಲಿಗೆ ಒಬ್ಬರೇ ಎಂದು ನಿಯಮ ತೋರಿಸುತ್ತಿದ್ದರು. ಇದರ ಹಿಂದೆ ಏನೋ ದೊಡ್ಡ ದುಃಖವಿರಬೇಕು, ಚಿಕ್ಕಂದಿನಲ್ಲಿ ಬಿದ್ದಿರಬೇಕು, ಯಾರನ್ನೋ ಕಳೆದುಕೊಂಡಿರಬೇಕು, ಅದಕ್ಕೇ ಕ್ಲಬ್ಬು ಸೇರುವವರ ಮುಂದೆಲ್ಲ ಈ ವಿಮೆ-ವಿಮೆ ಎಂಬ ಜಪ ಎಂದು ನಾನು ಬಹಳ ಕಾಲ ಕಥೆ ಕಟ್ಟಿಕೊಂಡಿದ್ದೆ. ಒಮ್ಮೆ ಅವರ ಮನೆಗೆ ಹೋದಾಗ ಅವರ ಹೆಂಡತಿಯನ್ನೇ, ನಾವೆಲ್ಲ ಚಾಚಿ ಎನ್ನುತ್ತಿದ್ದೆವು, ಮೆಲ್ಲಗೆ ಕೇಳಿದೆ. ಚಾಚಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಏನೂ ಆಗಿಲ್ಲವ್ವಾ. ಹುಟ್ಟಿದಾಗಿಂದ ಹಿಂಗ ಅದಾರ," ಎಂದಳು. ಸೀಮೆಎಣ್ಣೆಯ ಪಾಳಿಯಲ್ಲಿ ತಮ್ಮ ಶಿಷ್ಯರು ಮುಂದೆ ಬನ್ನಿ ಎಂದು ಜಾಗ ಬಿಟ್ಟರೂ ಹೋಗದೆ, ತಮ್ಮ ಪಾಳಿ ಬರುವ ಹೊತ್ತಿಗೆ ಎಣ್ಣೆ ತೀರಿ, ಖಾಲಿ ಡಬ್ಬಿ ಹಿಡಿದುಕೊಂಡು ಮನೆಗೆ ಬರುವ ಗಂಡನ ಜೊತೆ ಬಾಳಿದ ಹೆಂಗಸು ಅದು. ಅವಳ ಮಾತಿನ ಮೇಲೆ ನಾನೇನು ಹೇಳಲಿ.

ನಾನು ಅವರ ಕೈಗೆ ಸಿಕ್ಕಿದ್ದು ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲದಲ್ಲಿ. ನಮ್ಮದು ತಿಕೋಟಾ. ಅಪ್ಪ ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ನಾನು ಬಿಜಾಪುರದ ಕಾಲೇಜಿಗೆ ಬರುತ್ತಿದ್ದೆ, ಅಪ್ಪನ ಸೈಕಲ್ಲಿನ ಮೇಲೆ. ಬಸ್ಸು ಇತ್ತು, ಆದರೆ ಅದು ನಿಲ್ಲಬೇಕೆಂದರೆ ಡ್ರೈವರನ ಮನಸ್ಸಿನಲ್ಲಿ ಇರಬೇಕಾಗಿತ್ತು. ಹೆಣ್ಣುಹುಡುಗಿ ಅಷ್ಟು ದೂರ ಸೈಕಲ್ ಹೊಡೆಯುತ್ತಾಳೆ ಎಂದು ದಾರಿಯುದ್ದಕ್ಕೂ ಜನ ಮೊದಮೊದಲು ಎದ್ದು ನಿಂತು ನೋಡಿದರು, ಆಮೇಲೆ ಕೂತು ನೋಡಿದರು, ಆಮೇಲೆ ನೋಡುವುದನ್ನು ಬಿಟ್ಟರು. ನನಗೆ ಆಟದ ಟೀಚರ್ ಆಗಬೇಕೆಂಬ ಹುಚ್ಚು. ಅದಕ್ಕೆ ದೈಹಿಕ ಶಿಕ್ಷಣದ ತರಬೇತಿ ಕಾಲೇಜು ಸೇರಬೇಕು, ಸೇರಬೇಕಾದರೆ ಜಿಲ್ಲಾ ಮಟ್ಟದ ಯಾವುದಾದರೂ ಸ್ಪರ್ಧೆಯಲ್ಲಿ ಭಾಗವಹಿಸಿದ ಪ್ರಮಾಣಪತ್ರ ಬೇಕು. ನಮ್ಮ ಊರಲ್ಲಿ ಹುಡುಗಿಯರಿಗೆ ಆಟವೆಂದರೆ ಕುಂಟೆಬಿಲ್ಲೆ. ಅದರಲ್ಲಿ ಜಿಲ್ಲಾ ಮಟ್ಟವಿಲ್ಲ. ನನಗೆ ಬರುತ್ತಿದ್ದದ್ದು ಸೈಕಲ್ ಒಂದೇ.

ಇನ್ನೊಂದು ಕಡೆ ಹೊನವಾಡದಲ್ಲಿ ನನ್ನ ಸೋದರಮಾವ ಕಾಯುತ್ತಿದ್ದ. ಅವನ ಮಗ ಶಿವಪುತ್ರನಿಗೆ ನಾನೇ ಎಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ನಮ್ಮ ಕಡೆ ಅದು ಹಾಗೆಯೇ, ಯಾರೂ ಯಾರನ್ನೂ ಕೇಳುವುದಿಲ್ಲ. ಅಪ್ಪ ಮಾತ್ರ ಕೇಳಿದ. ಈ ಬೇಸಿಗೆಯೊಳಗೆ ತರಬೇತಿ ಕಾಲೇಜಿನಲ್ಲಿ ಸೀಟು ಸಿಕ್ಕರೆ ಓದು, ಸಿಗದಿದ್ದರೆ ಮದುವೆಯ ಅಕ್ಕಿಕಾಳಿಗೆ ನಿಲ್ಲು, ಮುಂದಿನ ವರ್ಷಕ್ಕೆ ನಿನ್ನ ಮಾವನನ್ನು ತಡೆಯುವುದು ನನ್ನಿಂದ ಆಗುವುದಿಲ್ಲ ಎಂದ. ಬೇಸಿಗೆಗೆ ಮೊದಲು ಜಿಲ್ಲೆಯಲ್ಲಿ ಒಂದೇ ಸೈಕಲ್ ಓಟವಿತ್ತು. ಬಿಜಾಪುರದಿಂದ ಬಬಲೇಶ್ವರಕ್ಕೆ ಹೋಗಿ ತಿರುಗಿ ಬರುವುದು. ಅದಕ್ಕೆ ಕ್ಲಬ್ಬಿನ ಸದಸ್ಯರನ್ನು ಮಾತ್ರ ಬಿಡುತ್ತಿದ್ದರು. ಇದ್ದದ್ದು ಒಂದೇ ಕ್ಲಬ್ಬು.

ಹೆಣ್ಣೆಂದು ಒಳಗೆ ಬಿಡುವುದಿಲ್ಲವೇನೋ ಎಂದು ಹೆದರಿ, ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಅವರು ಮೇಜಿನಿಂದ ತಲೆಯನ್ನೇ ಎತ್ತಲಿಲ್ಲ.

"ವಿಮಾ ಮಾಡ್ಸೀಯೇನವ್ವಾ?"

"ಇಲ್ರಿ ಸರ್. ಮೆಂಬರ್ ಆಗಬೇಕಂತ ಬಂದೀನ್ರಿ."

"ವಿಮಾ ಇಲ್ಲದಾಕೀನ ಮೆಂಬರ್ ಮಾಡ್ಕೊಳ್ಳಾಕ ಬರಂಗಿಲ್ಲ. ಮಾಡಿಸ್ಕೊಂಡು ಬಾ."

ಅಷ್ಟೇ. ನಾನು ಹೆಣ್ಣೆಂಬುದು ಅವರಿಗೆ ಒಂದು ವಿಷಯವೆಂದೇ ಅನ್ನಿಸಿದಂತೆ ಕಾಣಲಿಲ್ಲ. ಹಿಗ್ಗಿನಿಂದ ವಿಮೆಯ ಏಜೆಂಟರ ಕಡೆಗೆ ಸೈಕಲ್ ಓಡಿಸಿದೆ. ಏಜೆಂಟರು ಒಳ್ಳೆಯವರು, ಕೂರಿಸಿ ನೀರು ಕೊಟ್ಟು ವಿವರವಾಗಿ ಹೇಳಿದರು. ಓಟದಲ್ಲಿ ಬಿದ್ದು ಕೈಕಾಲು ಮುರಿದರೆ ಸಿಗುವ ಈ ವಿಮೆ ಒಬ್ಬೊಬ್ಬರಿಗೆ ಕೊಡುವಂಥದ್ದಲ್ಲ, ಕ್ಲಬ್ಬಿನ ಹೆಸರಿನಲ್ಲಿ ಇರುವಂಥದ್ದು. ಕ್ಲಬ್ಬಿನ ಸದಸ್ಯರಾದವರಿಗೆ ಮಾತ್ರ. ಮೊದಲು ಮೆಂಬರ್ ಆಗಿ ಬನ್ನಿ, ಆಮೇಲೆ ಬರೆದುಕೊಳ್ಳುತ್ತೇನೆ ಎಂದರು. ತಿರುಗಿ ಕ್ಲಬ್ಬಿಗೆ ಬಂದು ಹೇಳಿದೆ. ವಿಮೆ ಮಾಡಿಸಿಕೊಂಡು ಬಾ ಎಂದರು. ಮತ್ತೆ ಏಜೆಂಟರ ಹತ್ತಿರ ಹೋದೆ. ಮೆಂಬರ್ ಆಗಿ ಬನ್ನಿ ಎಂದರು. ಗಾಣಕ್ಕೆ ಕಟ್ಟಿದ ಎತ್ತು ಕೂಡ ನನಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಿತ್ತು.

ಹಾಗಾದರೆ ಉಳಿದ ಹುಡುಗರೆಲ್ಲ ಹೇಗೆ ಸದಸ್ಯರಾದರು? ಪ್ರತಿ ವರ್ಷ ದೀಪಾವಳಿಯ ಪಾಡ್ಯದಂದು ಏಜೆಂಟರು ತಾವೇ ಕ್ಲಬ್ಬಿಗೆ ಬಂದು ಮೇಜಿನ ಆ ಕಡೆ ಕೂರುತ್ತಿದ್ದರಂತೆ, ಸೆಕ್ರೆಟರಿ ಈ ಕಡೆ. ಇಬ್ಬರೂ ಒಟ್ಟಿಗೇ ಬರೆಯುತ್ತಿದ್ದರು, ಮುಗಿಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರೂ ಕೇಳಿರಲಿಲ್ಲ. ನಡುವರ್ಷದಲ್ಲಿ ಒಬ್ಬಳೇ ಹೋಗಿ ಬಾಗಿಲು ತಟ್ಟಿದವಳು ನಾನೇ ಮೊದಲು. ಮುಂದಿನ ದೀಪಾವಳಿಗೆ ಬಾ ಎಂದರು ಸೆಕ್ರೆಟರಿ. ಮುಂದಿನ ದೀಪಾವಳಿಗೆ ನಾನು ಹೊನವಾಡದಲ್ಲಿ ಮಾವನ ಮನೆಯ ಅಂಗಳ ಸಾರಿಸುತ್ತಿರುತ್ತೇನೆ ಎಂದು ಹೇಳಿದೆ. ಅದಕ್ಕೆ ನಿಯಮದಲ್ಲಿ ಏನೂ ಹೇಳಿಲ್ಲ ಎಂದರು.

ಅತ್ತುಬಿಟ್ಟೆ. ಅವರ ಮುಂದೆ ಅಲ್ಲ, ಹೊರಗೆ ಬಂದು, ಪಂಪಿನ ಹತ್ತಿರ ನಿಂತು. ನೋಡಿದ ಬೈಂಡಿಂಗ್ ಅಂಗಡಿಯವರು ಕ್ಲಬ್ಬಿನ ಅಧ್ಯಕ್ಷರಿಗೆ ಹೇಳಿದರು. ಅಧ್ಯಕ್ಷರು ದೊಡ್ಡ ಬಟ್ಟೆ ವ್ಯಾಪಾರಿ, ಮೃದು ಮನುಷ್ಯ. ಅಂಗಡಿ ಬಿಟ್ಟು ಎದ್ದು ಬಂದರು. ಒಂದು ಹುಡುಗಿಯ ಬಾಳಿನ ಪ್ರಶ್ನೆ ಮಾಸ್ತರ, ಇವತ್ತು ಬರೆದುಕೊಳ್ಳಿ, ನಾಳೆ ವಿಮೆ ಮಾಡಿಸೋಣ, ಯಾರು ಕೇಳುತ್ತಾರೆ ಎಂದರು. ನಾನು ಕಣ್ಣೊರೆಸಿಕೊಂಡು ಬಾಗಿಲಲ್ಲಿ ನಿಂತಿದ್ದೆ.

"ಯಾರೂ ಕೇಳಂಗಿಲ್ರಿ," ಎಂದರು ನಮ್ಮ ಸೆಕ್ರೆಟರಿ. "ಆದ್ರ ಆಗಂಗಿಲ್ಲ."

ಅಧ್ಯಕ್ಷರು ಕೈ ಮುಗಿದು ಎದ್ದು ಹೋದರು. ಆಮೇಲೆ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಚೀಟಿ ಕೊಟ್ಟರು, ಚಾಚಿ ರೊಟ್ಟಿ ಬಡಿಸುತ್ತ ಗಂಡನಿಗೆ ಒಂದು ಮಾತು ಹೇಳಿ ನೋಡಿದಳು, ಅವರ ಜೊತೆ ನಮಾಜಿಗೆ ಬರುವ ಗೆಳೆಯರು ಹೇಳಿ ನೋಡಿದರು. ಎಲ್ಲರಿಗೂ ಅದೇ ಉತ್ತರ. ನನ್ನನ್ನು ಕಂಡರೆ ಆಗದ ಮನುಷ್ಯನಾಗಿದ್ದರೆ ದ್ವೇಷವನ್ನಾದರೂ ಸರಿಯಾಗಿ ಮಾಡಬಹುದಿತ್ತು. ಹೋದಾಗಲೆಲ್ಲ ಚಹಾ ತರಿಸುತ್ತಿದ್ದರು, ಸೈಕಲ್ಲಿನ ಚೈನು ಸಡಿಲವಾಗಿದೆ ಬಿಗಿ ಮಾಡಿಸು ಎನ್ನುತ್ತಿದ್ದರು, ಕತ್ತಲಾಗುವುದರೊಳಗೆ ತಿಕೋಟಾ ಮುಟ್ಟು ಎಂದು ಎಬ್ಬಿಸಿ ಕಳಿಸುತ್ತಿದ್ದರು. ಚಹಾ ಕುಡಿದುಕೊಂಡೇ ಮೈ ಪರಚಿಕೊಳ್ಳುವಂತಾಗುತ್ತಿತ್ತು ನನಗೆ.

ಕೊನೆಗೆ ಒಂದು ದಿನ ಅವರೇ ದಾರಿ ಹೇಳಿದರು. ಅದು ದಾರಿಯೋ, ನನ್ನ ಹಣೆಬರಹವೋ. ನಿಯಮ ಮುರಿಯಲು ಬರುವುದಿಲ್ಲ, ಆದರೆ ಬದಲಿಸಲು ಬರುತ್ತದೆ. ಅದಕ್ಕೆ ಸರ್ವಸದಸ್ಯರ ಸಭೆ ಕರೆಯಬೇಕು. ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಂದು ಕೂತರೆ ಕೋರಂ ಆಗುತ್ತದೆ. ಕೋರಂ ಆದರೆ ಸದಸ್ಯತ್ವ ಮತ್ತು ವಿಮೆ ಎರಡೂ ಒಂದೇ ದಿನ, ಒಂದೇ ಕಡೆ ಆಗಬಹುದು ಎಂದು ತಿದ್ದುಪಡಿ ಮಾಡಬಹುದು. ಸಭೆಗೆ ನೋಟೀಸು ಕೊಟ್ಟು, ನೀನೇ ಮುಟ್ಟಿಸು ಎಂದು ನನ್ನ ಕೈಯಲ್ಲಿಟ್ಟರು.

ಸದಸ್ಯರೋ, ಅರ್ಧ ಜನ ಹಳ್ಳಿಯವರು. ಓಟವಿದ್ದಾಗ ಸೈಕಲ್ ಹತ್ತಿ ಬರುವ ಗಟ್ಟಿ ಹುಡುಗರು, ಸಭೆಯೆಂದರೆ ಕೈಗೆ ಸಿಗುವವರಲ್ಲ. ಅದೂ ಜೋಳ ಹಾಲುಗಟ್ಟುವ ಕಾಲ. ಹೊಲ ಹೊಲದಲ್ಲಿ ಎಳೆ ತೆನೆ ಸುಟ್ಟು ಸೀತನಿ ಮಾಡುತ್ತಿದ್ದರು. ತಿಕೋಟಾದ ದ್ರಾಕ್ಷಿ ತೋಟಗಳಿಗೆ ಹೋದೆ, ಬಬಲೇಶ್ವರದ ಹೊಲಗಳಿಗೆ ಹೋದೆ, ನಡುವಿನ ಊರುಗಳಿಗೆಲ್ಲ ಹೋದೆ. ಎಲ್ಲರೂ ಬಿಸಿ ಸೀತನಿ ಕೈಗೆ ಹಾಕಿ, ಹೂಂ ಬರುತ್ತೇವೆ ಎಂದರು. ಮೊದಲ ಸಭೆಗೆ ಬಂದವರು ಬೆಂಚು ತುಂಬುವಷ್ಟೂ ಇರಲಿಲ್ಲ. ಬಂದವರಲ್ಲೂ ಕೆಲವರು ಎದುರಿನ ಅಂಗಡಿಯಲ್ಲಿ ಮಿರ್ಚಿ ತಿನ್ನುತ್ತ ನಿಂತರು. ಒಳಗೆ ಬಂದು ಕೂತರೆ ಮಾತ್ರ ಲೆಕ್ಕ ಎಂದು ಸೆಕ್ರೆಟರಿ ಬಾಗಿಲಿನಿಂದ ಹೇಳಿದರು, ಅವರು ಬಿಸಿ ಇದೆ ಸರ್, ತಿಂದು ಬರುತ್ತೇವೆ ಎಂದರು. ಅವರು ತಿಂದು ಬರುವಷ್ಟರಲ್ಲಿ ಸಭೆಯ ವೇಳೆ ಮೀರಿತೆಂದು ಇವರು ಮುಗಿಸಿಬಿಟ್ಟಿದ್ದರು. ಆ ದಿನ ಮಿರ್ಚಿಯ ಬಾಣಲೆಯಲ್ಲಿ ಇವರನ್ನೇ ಎತ್ತಿ ಹಾಕಬೇಕೆನ್ನಿಸಿತ್ತು.

ಮತ್ತೆ ನೋಟೀಸು, ಮತ್ತೆ ಅದೇ ಊರುಗಳು. ನನ್ನ ತೊಡೆ ಕಲ್ಲಿನ ಹಾಗೆ ಆಗಿದ್ದು ಆ ತಿರುಗಾಟದಲ್ಲಿ. ಆಮೇಲೆ ಜನ, ಮಾಸ್ತರರು ಬೇಕೆಂದೇ ನಿನ್ನನ್ನು ತಿರುಗಿಸಿದರು, ಅದೇ ನಿನ್ನ ತರಬೇತಿ ಎಂದು ಕಥೆ ಹೇಳಿದ್ದಾರೆ. ಶುದ್ಧ ಸುಳ್ಳು. ಆ ಮನುಷ್ಯನನ್ನು ನಾನು ಬಲ್ಲೆ. ನನ್ನ ಕಾಲುಗಳ ವಿಚಾರ ಅವರ ತಲೆಯಲ್ಲಿ ಒಂದು ಕ್ಷಣವೂ ಇರಲಿಲ್ಲ. ಇದ್ದದ್ದು ಕೋರಂ ಒಂದೇ.

ಬಬಲೇಶ್ವರದ ಒಬ್ಬ ಸದಸ್ಯ ಮಾತ್ರ ನೇರವಾಗಿ ಹೇಳಿದ. ಹಕ್ಕಿಗಳು ಹೊಲದ ಮೇಲೆ ಮುಗಿಬಿದ್ದಿವೆ, ಅಟ್ಟಣೆ ಬಿಟ್ಟು ಇಳಿದರೆ ವರ್ಷದ ಕೂಳು ಹೋಗುತ್ತದೆ, ನನ್ನ ಬದಲು ಯಾರಾದರೂ ಕವಣೆ ಬೀಸುವುದಾದರೆ ಬರುತ್ತೇನೆ ಎಂದ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಸಭೆಯಿದ್ದ ಭಾನುವಾರ ನಮ್ಮ ಅಪ್ಪ, ಊರಿಗೇ ಅಕ್ಷರ ಕಲಿಸಿದ ಮಾಸ್ತರ, ಇಸ್ತ್ರಿ ಮಾಡಿದ ಧೋತರ ಉಟ್ಟು ಬಸ್ಸಿನಲ್ಲಿ ಬಬಲೇಶ್ವರಕ್ಕೆ ಹೋಗಿ, ಯಾರದೋ ಹೊಲದ ಅಟ್ಟಣೆ ಹತ್ತಿ, ದಿನವಿಡೀ ಹೋ ಎಂದು ಕೂಗುತ್ತ ಕವಣೆ ಬೀಸಿದ. ಭುಜದ ನೋವು ಆರಲು ಬಹಳ ದಿನ ಹಿಡಿಯಿತು. ನನ್ನ ಮುಂದೆ ಒಮ್ಮೆಯೂ ಆಡಿ ತೋರಿಸಲಿಲ್ಲ.

ಆ ಸದಸ್ಯನನ್ನೂ ಸೇರಿಸಿ, ಸಭೆಗೆ ಮೊದಲು ಬರುವವರನ್ನೆಲ್ಲ ಕೂಡಿಸಿ ನೋಡಿದರೆ ಇನ್ನೂ ಕೋರಂಗೆ ಒಬ್ಬ ಕಡಿಮೆ. ಉಳಿದವರಲ್ಲಿ ಒಬ್ಬ ಮಿಲಿಟರಿಗೆ ಸೇರಿ ಹೋಗಿದ್ದ, ಒಬ್ಬನಿಗೆ ಟೈಫಾಯಿಡ್, ಇನ್ನುಳಿದವರು ಸೊಲ್ಲಾಪುರದ ಕಡೆ ದುಡಿಯಲು ಹೋದವರು. ಕೈಗೆಟುಕುವವನು ಒಬ್ಬನೇ, ಹೊನವಾಡದ ಶಿವಪುತ್ರ. ನನ್ನ ಮಾವನ ಮಗ. ಅವನೂ ಕ್ಲಬ್ಬಿನ ಸದಸ್ಯನಾಗಿದ್ದ, ಒಳ್ಳೆಯ ಓಟಗಾರ. ಇಷ್ಟು ದಿನ ಬೇಕೆಂದೇ ಅವನ ನೋಟೀಸನ್ನು ಬೇರೆಯವರ ಕೈಯಲ್ಲಿ ಕಳಿಸಿದ್ದೆ. ಸರ್, ಅವನನ್ನು ಕರೆಯಲು ಹೇಗೆ ಹೋಗಲಿ, ಅವನು ಬಂದರೆ ಅವನ ಮದುವೆಯೇ ಮುರಿಯುತ್ತದೆ ಎಂದು ಸೆಕ್ರೆಟರಿಗೆ ಬಿಡಿಸಿ ಹೇಳಿದೆ. ಅವರು ಚಸ್ಮಾ ಒರೆಸಿಕೊಂಡು, ಅವನು ಸದಸ್ಯ ಹೌದೋ ಅಲ್ಲವೋ ಎಂದು ಕೇಳಿದರು. ಹೌದು ಎಂದೆ. ಹಾಗಾದರೆ ಕರೆ ಎಂದರು.

ಹೋದೆ. ಶಿವಪುತ್ರನ ತಾಯಿ, ನನ್ನ ಅತ್ತೆ, ನಾನು ಮನೆ ನೋಡಲು ಬಂದಿದ್ದೇನೆಂದು ತಿಳಿದು, ಕೈಹಿಡಿದು ಕರೆದುಕೊಂಡು ಹೋಗಿ ಅಡುಗೆಮನೆ, ಕಾಳು ತುಂಬುವ ಹಗೇವು, ಹೊಸದಾಗಿ ಕಟ್ಟಿಸಿದ ಬಚ್ಚಲು ಎಲ್ಲ ತೋರಿಸಿದಳು. ಬೆಲ್ಲ ತುಪ್ಪ ಹಾಕಿ ಮಾದಲಿ ತಿನ್ನಿಸಿದಳು. ಶಿವಪುತ್ರ ದ್ರಾಕ್ಷಿ ಬಳ್ಳಿಗೆ ನೀರು ಬಿಡುತ್ತಿದ್ದ. ಎಲ್ಲ ಹೇಳಿದೆ. ಅವನು ಸಲಿಕೆ ಊರಿಕೊಂಡು ನಿಂತು ಕೇಳಿದ.

"ಹಂಗಂದ್ರ ನಾ ಬಂದು ಕುಂತ್ರ ನೀ ಮೆಂಬರ್ ಆಗ್ತಿ. ಮೆಂಬರ್ ಆದ್ರ ಕಾಲೇಜಿಗೆ ಹೋಗ್ತಿ."

"ಹೌದು."

"ಬರಲಿಲ್ಲಂದ್ರ?"

"ನೋಟೀಸ್ ಕೊಟ್ಟೂ ಬರದವರ ಹೆಸರು ಹೊಡದ ಹಾಕ್ತೀನಂತ ಸೆಕ್ರೆಟರಿ ಸರ್ ಅಂದಾರ."

ಅವನ ಮುಖ ಸಣ್ಣಗಾಯಿತು. ಹೆಂಡತಿಯಾಗಬೇಕಾದವಳು ಹೋಗುತ್ತಾಳೆಂದಾಗ ಆಗದ್ದು, ಕ್ಲಬ್ಬು ಹೋಗುತ್ತದೆ ಎಂದಾಗ ಆಯಿತು. ನನಗೆ ಬೇಕಾಗಿದ್ದದ್ದೂ ಅದೇ, ಆದರೂ ಒಳಗೊಳಗೆ ಸ್ವಲ್ಪ ಕೆಟ್ಟದೆನಿಸಿತು, ಇರಲಿ. ನಮ್ಮಪ್ಪನಿಗೆ ಏನು ಹೇಳಲಿ ಎಂದು ಕೇಳಿದ. ನೋಟೀಸು ಅವನ ಕೈಗಿಟ್ಟು ಸೈಕಲ್ ಹತ್ತಿದೆ.

ಸಭೆಯ ದಿನ ಸದಸ್ಯರಲ್ಲದವರು ಒಳಗೆ ಬರುವಂತಿಲ್ಲವೆಂದು ನನ್ನನ್ನು ಹೊರಗೇ ನಿಲ್ಲಿಸಿದರು. ನನ್ನ ಬಾಳಿನ ತೀರ್ಮಾನವನ್ನು ನಾನು ಕಿಟಕಿಯ ಸರಳು ಹಿಡಿದು ನೋಡಿದೆ. ಶಿವಪುತ್ರ ಎಲ್ಲರಿಗಿಂತ ಕೊನೆಗೆ ಬಂದ. ನನ್ನ ಕಡೆ ನೋಡದೆ ಒಳಗೆ ಹೋಗಿ ಬೆಂಚಿನ ತುದಿಗೆ ಕೂತ. ಕೋರಂ ಆಗಿದೆ ಎಂದು ಸೆಕ್ರೆಟರಿ ಘೋಷಿಸಿದರು. ಒಬ್ಬ ಹಿರಿಯ ಸದಸ್ಯರು ಎದ್ದು ನಿಂತು, ಹೆಣ್ಣುಮಕ್ಕಳನ್ನು ರಸ್ತೆಯಲ್ಲಿ ಓಡಿಸಿದರೆ ಜನ ಏನೆಂದಾರು ಎಂದರು. ಸೆಕ್ರೆಟರಿ ಬೋರ್ಡಿನ ಹತ್ತಿರ ಹೋಗಿ, ಚಸ್ಮಾ ಮೇಲೆ ಸರಿಸಿ, ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು. ಸಭೆಯೆಲ್ಲ ಕಾದು ಕೂತಿತು.

"ಜನಾ ಅಂತ ಯಾವ ನಿಯಮಾನೂ ಇಲ್ರಿ ಇದರಾಗ," ಎಂದರು. "ಹೆಣ್ಣ ಬ್ಯಾಡ ಅಂತಾನೂ ಇಲ್ಲ. ಕುಂದರ್ರಿ."

ಕೈ ಎತ್ತಲು ಹೇಳಿದರು. ಹೆಚ್ಚುಕಡಿಮೆ ಎಲ್ಲರೂ ಎತ್ತಿದರು, ಆ ಹಿರಿಯರೂ ಅರ್ಧ ಎತ್ತಿದರು. ವಿರುದ್ಧ ಯಾರಿದ್ದಾರೆ ಎಂದು ಕೇಳಿದಾಗ ಒಂದು ಕೈ ಮೇಲೆ ಹೋಯಿತು. ಶಿವಪುತ್ರನದು. ಸೆಕ್ರೆಟರಿ ನಿರ್ವಿಕಾರವಾಗಿ, ವಿರುದ್ಧ ಒಂದು, ತಿದ್ದುಪಡಿ ಪಾಸಾಗಿದೆ ಎಂದು ಓದಿ ಕೂತರು. ಶಿವಪುತ್ರ ಹೊರಗೆ ಬಂದು ಸೈಕಲ್ ಹತ್ತುವಾಗ, "ಅಪ್ಪನ ಮುಂದ ಸುಳ್ಳ ಹೇಳಾಕ ಬರಂಗಿಲ್ಲ ನನಗ. ವಿರೋಧ ಮಾಡೀನಿ ಅಂತ ಹೇಳ್ತೀನಿ," ಎಂದ. ಅವನು ಹೋದ ಮೇಲೆ ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ನಕ್ಕೆ, ನಗುತ್ತ ನಗುತ್ತ ಅಳು ಬಂತು. ಒಳ್ಳೆಯ ಹುಡುಗನಾಗಿದ್ದ.

ಮರುದಿನವೇ ಏಜೆಂಟರು ಮೇಜಿನ ಆ ಕಡೆ ಕೂತರು. ಮದುವೆಯಾಗದ ಹುಡುಗಿ, ನಾಮಿನಿ ಯಾರೆಂದು ಬರೆಯುವುದು, ನಾಳೆ ಮದುವೆಯಾದರೆ ಬದಲಾಗುತ್ತದೆ, ಮದುವೆಯಾದ ಮೇಲೆಯೇ ಮಾಡಿಸಿದರೆ ಹೇಗೆ ಎಂದು ರಾಗ ಎಳೆದರು. ಹುಡುಗರು ಮದುವೆಯಾದ ಮೇಲೆ ಬನ್ನಿ ಎಂದು ನೀವು ಯಾವತ್ತು ಹೇಳಿದ್ದೀರಿ ಎಂದು ಸೆಕ್ರೆಟರಿ ಕೇಳಿದರು. ಏಜೆಂಟರು ಅಪ್ಪನ ಹೆಸರು ಬರೆದುಕೊಂಡರು. ಆ ಕಡೆ ಅವರು ಸಹಿ ಮಾಡಿದರು, ಈ ಕಡೆ ಇವರು ಸಹಿ ಮಾಡಿದರು. ಆಮೇಲೆ ಸೆಕ್ರೆಟರಿ ಕೋಟು ತೆಗೆದಿಟ್ಟು, ತೋಳು ಮಡಚಿ, ಬೋರ್ಡಿನ ಬಣ್ಣ ಕೆರೆಯಲು ಕೂತರು. ನಾನು ಸಹಾಯಕ್ಕೆ ಹೋದರೆ, ಅಕ್ಷರ ಕೆಡುತ್ತದೆ, ನೀನು ಹೋಗಿ ಸೈಕಲ್ ಹೊಡಿ ಎಂದರು.

ಓಟದ ದಿನ ಪಕ್ಕದ ಮನೆಯ ಅಣ್ಣನ ಪಾಯಿಜಾಮ, ಫುಲ್ ತೋಳಿನ ಅಂಗಿ ಹಾಕಿಕೊಂಡು, ಜಡೆಯನ್ನು ಸುತ್ತಿ ಕಟ್ಟಿಕೊಂಡು ಹೋದೆ. ಹೊರಗಿನಿಂದ ಬಂದಿದ್ದ ಅಧಿಕಾರಿಯೊಬ್ಬರು ನನ್ನನ್ನು ನೋಡಿ, ಇದೇನು ತಮಾಷೆ ಎಂದು ಸಾಲಿನಿಂದ ಹೊರಗೆ ಬರಲು ಹೇಳಿದರು. ಸೆಕ್ರೆಟರಿ ನಡೆದುಕೊಂಡು ಬಂದರು. ಓಡಲಿಲ್ಲ, ಅವಸರವೆಂಬುದು ಆ ಮನುಷ್ಯನಿಗೆ ಗೊತ್ತಿಲ್ಲ. ಸದಸ್ಯತ್ವದ ಚೀಟಿ ತೋರಿಸಿದರು, ವಿಮೆಯ ಚೀಟಿ ತೋರಿಸಿದರು, ಮತ್ತೇನಾದರೂ ಬೇಕೇ ಎಂದು ಕೇಳಿದರು. ಆ ಅಧಿಕಾರಿ ಎರಡನ್ನೂ ತಿರುವಿ ಮುರುವಿ ನೋಡಿದರು. ಸದಸ್ಯಳಾದದ್ದು ಯಾವ ಆಧಾರದ ಮೇಲೆ ಎಂದರು. ಸಭೆ, ಕೋರಂ, ತಿದ್ದುಪಡಿ, ಎಲ್ಲ ಬಾಯಲ್ಲೇ ಒಪ್ಪಿಸಿದರು ನಮ್ಮವರು, ವಿರುದ್ಧ ಒಂದು ಎಂಬುದನ್ನೂ ಬಿಡದೆ. ಅಧಿಕಾರಿಗೆ ಸಾಕುಸಾಕಾಗಿ, ಹೋಗಲಿ ನಿಲ್ಲು ಎಂದರು. ಇವರ ಮುಂದೆ ಸುಸ್ತಾದವಳು ನಾನೊಬ್ಬಳೇ ಅಲ್ಲ ಎಂದು ಆ ಹೊತ್ತಿನಲ್ಲೂ ಸಮಾಧಾನವಾಯಿತು.

ಗೆದ್ದೆನೆಂದು ತಿಳಿಯಬೇಡಿ. ನಾನು ಬಬಲೇಶ್ವರದಿಂದ ತಿರುಗಿ ಬಂದು ಮುಟ್ಟುವಷ್ಟರಲ್ಲಿ ಗೆದ್ದವರು ಶರಬತ್ತು ಕುಡಿದು ಮುಖ ತೊಳೆದುಕೊಂಡಿದ್ದರು. ಆದರೆ ನನ್ನ ಹಿಂದೆಯೂ ಗಂಡುಹುಡುಗರಿದ್ದರು, ಅದನ್ನು ಹೇಳದೆ ಬಿಡುವುದಿಲ್ಲ. ಪ್ರಮಾಣಪತ್ರ ಸಿಕ್ಕಿತು, ಸೀಟು ಸಿಕ್ಕಿತು. ಶಿವಪುತ್ರನಿಗೆ ಅದೇ ಬೇಸಿಗೆಯಲ್ಲಿ ಬೇರೆ ಕಡೆ ಮದುವೆಯಾಯಿತು, ನಾನೇ ಹೋಗಿ ಊಟ ಬಡಿಸಿದೆ. ಮಾವ ಮಾತ್ರ ಎಷ್ಟೋ ಕಾಲ ನನ್ನ ಜೊತೆ ಮಾತಾಡಲಿಲ್ಲ.

ತರಬೇತಿ ಮುಗಿಯುವ ವರ್ಷ ರಜೆಗೆ ಬಂದಾಗ ಒಂದು ಸಂಜೆ ಕ್ಲಬ್ಬಿಗೆ ಹೋದೆ. ಸೆಕ್ರೆಟರಿಯ ಮುಂದೆ ಬಬಲೇಶ್ವರದ ಕಡೆಯ ಒಂದು ಹುಡುಗಿ ಕೂತಿದ್ದಳು. ಎರಡು ಜಡೆ, ಬಿಸಿಲಿಗೆ ಕಂದಿದ ಮುಖ. ಪಕ್ಕದಲ್ಲಿ ಏಜೆಂಟರು. ಅದು ದೀಪಾವಳಿಯೂ ಅಲ್ಲ, ಏನೂ ಅಲ್ಲ. ಏಜೆಂಟರು ಏನೋ ಕೇಳಿದರು, ಅವಳು ಹೇಳಿದಳು, ಸೆಕ್ರೆಟರಿ ಸಹಿ ಹಾಕಿ ಚೀಟಿ ಕೊಟ್ಟರು. ತರಿಸಿದ ಚಹಾ ಅವಳು ಪೂರ್ತಿ ಕುಡಿದು ಮುಗಿಸಿರಲಿಲ್ಲ, ಅಷ್ಟರಲ್ಲಿ ಅವಳು ಕ್ಲಬ್ಬಿನ ಸದಸ್ಯಳಾಗಿದ್ದಳು.

ನನಗೆ ತಡೆದುಕೊಳ್ಳಲು ಆಗಲಿಲ್ಲ. ಅಪ್ಪ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಿದ್ದು, ಅತ್ತೆ ತಿನ್ನಿಸಿದ ಮಾದಲಿ, ಕಿಟಕಿಯ ಸರಳು, ಎಲ್ಲ ಒಮ್ಮೆಲೇ ಉಕ್ಕಿ ಬಂತು.

"ನನಗ ಒಂದು ಚಳಿಗಾಲ ಪೂರಾ ಊರೂರು ತಿರುಗಿಸಿದ್ರಿ ಸರ್. ಇಕೀಗೆ ಒಂದ್ ಕಪ್ ಚಾ ಮುಗಿಯೂದ್ರಾಗ ಮುಗಿಸಿದ್ರಿ."

ಅವರು ಪೆನ್ನಿನ ಟೊಪ್ಪಿಗೆ ಮುಚ್ಚಿ ಜೇಬಿಗಿಟ್ಟುಕೊಂಡರು. ಬಹುಶಃ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು.

"ಹೌದವ್ವಾ. ಅವತ್ತ ನಿನ್ನೊಬ್ಬಾಕೀನ ಹಂಗಽ ಒಳಗ ಬಿಟ್ಟಿದ್ರ, ಇವತ್ತ ಇಕೀನೂ ತಿರಗಬೇಕಾಗ್ತಿತ್ತು."

ನನ್ನ ಕಣ್ಣು ತುಂಬಿದವು, ತುಂಬಿದ್ದಕ್ಕೂ ಸಿಟ್ಟು ಬಂತು. ಆ ಹುಡುಗಿ ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿ, ಇವರಿಬ್ಬರಿಗೆ ಏನಾಗಿದೆ ಎಂಬಂತೆ ಮುಖ ಮಾಡಿ ಹೊರಗೆ ಹೋದಳು. ಸೈಕಲ್ ಹತ್ತಿ ಬಬಲೇಶ್ವರದ ರಸ್ತೆ ಹಿಡಿದವಳು ಹಿಂದೆ ತಿರುಗಿ ಕೂಡ ನೋಡಲಿಲ್ಲ. ಯಾರ ಉಪಕಾರವನ್ನೂ ಅವಳು ಹೊತ್ತುಕೊಂಡು ಹೋಗಬೇಕಾಗಿರಲಿಲ್ಲ.